ಡ್ರಿಪ್ ಬಾಟಲಿಗೂ ಕಡಲ ಏಡಿಗೂ ಏನು ನಂಟು?

ಜ್ವರ, ವಾಂತಿ, ಸುಸ್ತು ಅಂತ ಆಸ್ಪತ್ರೆಗೆ ಹೋಗಿ ಬಂದವರು ನಮ್ಮ ಕಡೆ ಹೇಳುವುದು ಒಂದೇ ಮಾತು: 'ಗ್ಲೂಕೋಸ್ ಹಾಕಿದ್ರು'. ಬಾಟಲಿಯೊಳಗೆ ಇದ್ದದ್ದು ಗ್ಲೂಕೋಸೋ, ಸಲೈನೋ, ರಿಂಗರ್ ಲ್ಯಾಕ್ಟೇಟೋ ಯಾರೂ ಕೇಳುವುದಿಲ್ಲ. ಅರ್ಧ ಲೀಟರ್ ದ್ರಾವಣ ಹನಿ ಹನಿಯಾಗಿ ನೇರ ರಕ್ತಕ್ಕೆ ಸೇರುತ್ತದೆ. ಪಕ್ಕದಲ್ಲಿ ಕೂತವರಿಗೆ ಬಾಟಲಿ ಖಾಲಿಯಾಗುವ ಮುಂಚೆ ನರ್ಸನ್ನು ಕರೆಯಬೇಕು ಅನ್ನುವುದೊಂದೇ ಚಿಂತೆ. ಅದರೊಳಗಿನ ನೀರು ಶುದ್ಧವಾಗಿದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ.

2024ರ ನವೆಂಬರ್‌ನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಮೇಲೆ ಹೋಯಿತು. ರಾಜ್ಯ ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು. ರಾಜ್ಯದ ಪ್ರಯೋಗಾಲಯದ ವರದಿಗೂ ಕೇಂದ್ರದ ಪ್ರಯೋಗಾಲಯದ ವರದಿಗೂ ತಾಳೆಯಾಗಲಿಲ್ಲ. ಆ ವಾದ ವಿವಾದದ ನಡುವೆ ಒಂದು ಹೊಸ ಪದವೂ ಸುದ್ದಿಗೆ ಬಂತು: ಎಂಡೊಟಾಕ್ಸಿನ್.

ಈ ಲೇಖನ ಆ ಪದದ ಬಗ್ಗೆ. ಅದನ್ನು ಪತ್ತೆ ಹಚ್ಚಲು ಜಗತ್ತು ಅರ್ಧ ಶತಮಾನದಿಂದ ಒಂದು ಕಡಲ ಪ್ರಾಣಿಯ ರಕ್ತವನ್ನು ನಂಬಿಕೊಂಡಿದೆ. ಆ ರಕ್ತ ಇಲ್ಲದೆಯೂ ಕೆಲಸ ನಡೆಸಬಹುದು ಎಂಬುದು ಇಪ್ಪತ್ತು ವರ್ಷಕ್ಕಿಂತ ಹಿಂದೆಯೇ ಗೊತ್ತಾಗಿದೆ. ಆದರೂ ಪ್ರಾಣಿಯ ರಕ್ತ ಹಿಂಡುವುದು ನಿಂತಿಲ್ಲ. ಯಾಕೆ ನಿಂತಿಲ್ಲ ಅನ್ನುವುದೇ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ.

ಮೊದಲು ವಿಷದ ವಿಷಯ. ಬ್ಯಾಕ್ಟೀರಿಯಾಗಳಲ್ಲಿ ಒಂದು ದೊಡ್ಡ ಗುಂಪು ಗ್ರಾಂ ನೆಗೆಟಿವ್. ಟೈಫಾಯ್ಡ್, ಕಾಲರಾ ತರುವಂಥವು, ನಮ್ಮ ಕರುಳಲ್ಲೇ ಇರುವ ಇ. ಕೋಲಿ, ಎಲ್ಲ ಈ ಗುಂಪಿನವು. ಇವುಗಳ ಹೊರ ಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿದ ಒಂದು ವಸ್ತು ಇರುತ್ತದೆ. ಅದೇ ಎಂಡೊಟಾಕ್ಸಿನ್. ಜರ್ಮನಿಯಲ್ಲಿ ಕಾಲರಾ ಅಧ್ಯಯನ ಮಾಡುತ್ತಿದ್ದ ರಿಚರ್ಡ್ ಫೈಫರ್ 1892ರಲ್ಲಿ ಇದನ್ನು ಗುರುತಿಸಿದರು. ಬ್ಯಾಕ್ಟೀರಿಯಾ ಬದುಕಿದ್ದಾಗ ಹೊರಗೆ ಉಗುಳುವ ವಿಷ ಇದಲ್ಲ, ಅದರ ಮೈಗೇ ಅಂಟಿದ ವಿಷ ಎಂದು ಹೇಳಲು ಆ ಹೆಸರು ಕೊಟ್ಟರು. (ಕಾಲರಾದಲ್ಲಿ ಭೇದಿ ತರಿಸುವ ಅಸಲಿ ವಿಷ ಬೇರೆಯದೇ. ಬ್ಯಾಕ್ಟೀರಿಯಾ ಹೊರಗೆ ಬಿಡುವ ಆ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ್ ಡೇ. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಬರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.)

ಊಟದ ಜೊತೆ ಹೊಟ್ಟೆಗೆ ಹೋಗುವ ಎಂಡೊಟಾಕ್ಸಿನ್‌ನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೇರ ರಕ್ತಕ್ಕೆ ಇಳಿದರೆ ಕಥೆ ಬೇರೆ. ಚಳಿ, ನಡುಕ, ಜ್ವರ ಬರುತ್ತದೆ. ಪ್ರಮಾಣ ಹೆಚ್ಚಾದರೆ ರಕ್ತದ ಒತ್ತಡ ಕುಸಿಯುತ್ತದೆ, ಕಿಡ್ನಿ ಕೈಕೊಡುತ್ತದೆ, ಜೀವಕ್ಕೇ ಅಪಾಯ. ಹೆಚ್ಚು ಅಂದರೆ ಎಷ್ಟು? ಔಷಧ ನಿಯಮಗಳ ಪ್ರಕಾರ ಸಾಮಾನ್ಯ ಇಂಜೆಕ್ಷನ್‌ನಲ್ಲಿ ಒಂದು ಗಂಟೆಗೆ, ಒಂದು ಕಿಲೋ ದೇಹತೂಕಕ್ಕೆ 5 ಯೂನಿಟ್ ದಾಟುವಂತಿಲ್ಲ. 60 ಕಿಲೋ ತೂಗುವವರಿಗೆ ಲೆಕ್ಕ ಹಾಕಿದರೆ 300 ಯೂನಿಟ್. ತೂಕದಲ್ಲಿ ಹೇಳುವುದಾದರೆ ಸುಮಾರು 30 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ನ್ಯಾನೋಗ್ರಾಂ. ಕಣ್ಣಿಗಂತೂ ಕಾಣುವ ಮಾತಿಲ್ಲ.

ತೊಂದರೆ ಇನ್ನೂ ಇದೆ. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅಲ್ವಾ? ಸಾಯುತ್ತದೆ. ಆದರೆ ಅದರ ಹೆಣದ ಚೂರುಗಳು ನೀರಲ್ಲೇ ಉಳಿಯುತ್ತವೆ. ಎಂಡೊಟಾಕ್ಸಿನ್ ಕುದಿಸಿದರೂ ಹೋಗುವುದಿಲ್ಲ. ಆಸ್ಪತ್ರೆಯ ಆಟೋಕ್ಲೇವ್ ಮುಟ್ಟುವ 121 ಡಿಗ್ರಿಗೂ ಜಗ್ಗುವುದಿಲ್ಲ. ಗಾಜಿನ ಸಾಮಾನಿನಿಂದ ಅದನ್ನು ತೆಗೆಯಬೇಕೆಂದರೆ 250 ಡಿಗ್ರಿಯ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡಬೇಕು. ಅಂದರೆ 'ಸ್ಟೆರೈಲ್' ಎಂದು ಚೀಟಿ ಅಂಟಿಸಿದ ಬಾಟಲಿಯಲ್ಲಿ ಒಂದೇ ಒಂದು ಜೀವಂತ ಕ್ರಿಮಿ ಇಲ್ಲದಿದ್ದರೂ ವಿಷ ಇರಬಹುದು.

ಹಳೆಯ ಕಾಲದ ವೈದ್ಯರಿಗೆ ಇದು ದೊಡ್ಡ ಒಗಟಾಗಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಕೆಲವರಿಗೆ ಜ್ವರ ಬರುತ್ತಿತ್ತು. ಔಷಧವೇ ಆಗುತ್ತಿಲ್ಲ ಎಂದುಕೊಂಡಿದ್ದರು. 1923ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಎಂಬ ವಿಜ್ಞಾನಿ ದೋಷ ಇರುವುದು ನೀರಿನಲ್ಲಿ ಎಂದು ತೋರಿಸಿದರು. ಬಟ್ಟಿ ಇಳಿಸಿದ ನೀರಿನಲ್ಲೂ ಬ್ಯಾಕ್ಟೀರಿಯಾದ ಕಸ ಉಳಿಯುತ್ತಿತ್ತು. ಅಲ್ಲಿಂದ ಮೊಲಗಳ ಕಾಲ ಶುರುವಾಯಿತು. ಔಷಧವನ್ನು ಮೊಲದ ಕಿವಿಯ ನರಕ್ಕೆ ಚುಚ್ಚಿ, ಮೂರು ಗಂಟೆ ಅದರ ಮೈ ಬಿಸಿ ನೋಡುವುದು. ಜ್ವರ ಬಂದರೆ ಔಷಧ ಫೇಲು. 1942ರಲ್ಲಿ ಈ ಪರೀಕ್ಷೆ ಅಮೆರಿಕದ ಔಷಧ ಸಂಹಿತೆಗೆ, ಅಂದರೆ ಔಷಧಗಳ ಗುಣಮಟ್ಟ ಹೇಗಿರಬೇಕೆಂದು ಹೇಳುವ ನಿಯಮಗಳ ಪುಸ್ತಕಕ್ಕೆ, ಸೇರಿತು. ಪ್ರತಿ ಬ್ಯಾಚಿಗೂ ಮೊಲ ಬೇಕಾದ್ದರಿಂದ ಕಂಪನಿಗಳು ಮೊಲಗಳ ಹಿಂಡನ್ನೇ ಸಾಕುತ್ತಿದ್ದವು.

ಈಗ ಕಡಲಿಗೆ ಬರೋಣ.

ಅಮೆರಿಕದ ಮಸಾಚುಸೆಟ್ಸ್ ತೀರದಲ್ಲಿ ವುಡ್ಸ್ ಹೋಲ್ ಎಂಬ ಸಣ್ಣ ಊರಿದೆ. ಅಲ್ಲಿನ ಕಡಲ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬೇಸಿಗೆಯಲ್ಲಿ ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಬಂದು ಕೂರುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರೆಡರಿಕ್ ಬ್ಯಾಂಗ್ ಅವರಲ್ಲೊಬ್ಬರು. ರೋಗಗಳ ಮೂಲ ಹುಡುಕುವುದು ಅವರ ಕೆಲಸ. ಮನುಷ್ಯನ ರೋಗ ಅರ್ಥವಾಗಬೇಕಾದರೆ ಸರಳ ಪ್ರಾಣಿಗಳ ರೋಗವನ್ನೂ ನೋಡಬೇಕು ಎಂಬುದು ಅವರ ನಂಬಿಕೆ. ಅವರು ಆರಿಸಿಕೊಂಡದ್ದು ಕುದುರೆ ಲಾಳದ ಏಡಿಯನ್ನು.

ಹೆಸರಿಗೆ ಏಡಿ, ಅಷ್ಟೇ. ನಿಜಕ್ಕೂ ಇದು ಜೇಡ, ಚೇಳುಗಳ ನೆಂಟ. ಮೇಲೆ ಲಾಳದ ಆಕಾರದ ಕಂದು ಚಿಪ್ಪು, ಕೆಳಗೆ ಕಾಲುಗಳು, ಹಿಂದೆ ಈಟಿಯಂಥ ಬಾಲ. ಬಾಲ ನೋಡಿ ಹೆದರುವವರಿದ್ದಾರೆ, ಆದರೆ ಅದು ಕುಟುಕುವುದಿಲ್ಲ. ಮಗುಚಿ ಬಿದ್ದಾಗ ಮತ್ತೆ ಸರಿಯಾಗಿ ನಿಲ್ಲಲು ಬಾಲ ಬೇಕು. ಈ ವಂಶದ ಪಳೆಯುಳಿಕೆಗಳು 44 ಕೋಟಿ ವರ್ಷಕ್ಕೂ ಹಿಂದಿನವು ಸಿಕ್ಕಿವೆ. ಡೈನೋಸಾರ್‌ಗಳು ಬಂದು ಹೋದದ್ದು ಇವುಗಳ ಕಣ್ಣೆದುರಿಗೇ. ಕಣ್ಣು ಅಂದಾಗ ನೆನಪಾಯಿತು: ಈ ಪ್ರಾಣಿಯ ಕಣ್ಣನ್ನು ಅಧ್ಯಯನ ಮಾಡಿಯೇ ಕೆಫರ್ ಹಾರ್ಟ್‌ಲೈನ್ ದೃಷ್ಟಿಯ ಗುಟ್ಟು ಬಿಡಿಸಿ 1967ರ ನೊಬೆಲ್ ಹಂಚಿಕೊಂಡರು. ವಿಜ್ಞಾನಕ್ಕೆ ಈ ಪ್ರಾಣಿ ಕೊಟ್ಟದ್ದು ಒಂದೆರಡಲ್ಲ.

ಇದರ ರಕ್ತ ನೀಲಿ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್. ಇದರಲ್ಲಿ ತಾಮ್ರ ಇರುವ ಹಿಮೋಸಯಾನಿನ್. ಗಾಳಿ ತಾಗಿದ ಕೂಡಲೇ ರಕ್ತ ನೀಲಿಯಾಗುತ್ತದೆ. ಆದರೆ ಬ್ಯಾಂಗ್ ಅವರನ್ನು ಹಿಡಿದಿಟ್ಟದ್ದು ಬಣ್ಣವಲ್ಲ. ಅವರು ಏಡಿಗಳಿಗೆ ಕಡಲ ಬ್ಯಾಕ್ಟೀರಿಯಾ ಚುಚ್ಚಿದಾಗ ಕೆಲವು ಏಡಿಗಳ ಮೈಯೊಳಗೇ ರಕ್ತ ಗಟ್ಟಿಯಾಗಿ ಅವು ಸತ್ತವು. ಹಾಲಿಗೆ ಹೆಪ್ಪು ಹಾಕಿದಂತೆ ರಕ್ತ ಹೆಪ್ಪಾಗಿತ್ತು. ಕುದಿಸಿ ಕೊಂದ ಬ್ಯಾಕ್ಟೀರಿಯಾ ಚುಚ್ಚಿದರೂ ಹಾಗೇ ಆಯಿತು. ಎಲ್ಲ ಬ್ಯಾಕ್ಟೀರಿಯಾಗೂ ಹೀಗಾಗುತ್ತಿರಲಿಲ್ಲ, ಗ್ರಾಂ ನೆಗೆಟಿವ್ ಗುಂಪಿಗೆ ಮಾತ್ರ. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಏಡಿಯ ಕಡೆಯಿಂದ ನೋಡಿದರೆ ಇದು ಜಾಣ ಏರ್ಪಾಡು. ಅದು ಬದುಕುವುದು ಕೆಸರಿನಲ್ಲಿ. ಸುತ್ತಲಿನ ನೀರಿನ ಒಂದು ಚಮಚದಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾ. ನಮ್ಮ ಹಾಗೆ ಅದಕ್ಕೆ ಪ್ರತಿಕಾಯಗಳಿಲ್ಲ, ಹಳೆಯ ಶತ್ರುವನ್ನು ನೆನಪಿಟ್ಟುಕೊಳ್ಳುವ ರೋಗನಿರೋಧಕ ಕಣಗಳಿಲ್ಲ. ರಕ್ತದಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಜಾತಿಯ ಕಣ. ಚಿಪ್ಪಿಗೆ ಗಾಯವಾಗಿ ಬ್ಯಾಕ್ಟೀರಿಯಾ ಒಳನುಗ್ಗಿದರೆ ಆ ಕಣಗಳು ಒಡೆದುಕೊಂಡು ಒಳಗಿದ್ದ ಪ್ರೋಟೀನ್‌ಗಳನ್ನು ಸುರಿಯುತ್ತವೆ. ಆ ಜಾಗದಲ್ಲಿ ರಕ್ತ ಗಟ್ಟಿಯಾಗುತ್ತದೆ. ಗಾಯವೂ ಮುಚ್ಚಿತು, ಶತ್ರುವೂ ಹೆಪ್ಪಿನಲ್ಲಿ ಸಿಕ್ಕಿಬಿದ್ದ. ಸಣ್ಣ ಗಾಯಕ್ಕೆ ಇದು ಸಾಕು. ಬ್ಯಾಂಗ್ ಮಾಡಿದಂತೆ ಸೂಜಿಯಲ್ಲಿ ರಾಶಿ ಬ್ಯಾಕ್ಟೀರಿಯಾ ಚುಚ್ಚಿದರೆ ಅದೇ ರಕ್ಷಣೆ ಪ್ರಾಣ ತೆಗೆಯುತ್ತದೆ.

ರಕ್ತ ಹೆಪ್ಪುಗಟ್ಟುವ ವಿಷಯ ಬಂದಾಗ ಬ್ಯಾಂಗ್‌ಗೆ ರಕ್ತದ ರೋಗಗಳನ್ನು ಬಲ್ಲವರು ಬೇಕಾದರು. 1960ರ ದಶಕದ ಆರಂಭದಲ್ಲಿ ಹಾಪ್ಕಿನ್ಸ್‌ನಲ್ಲೇ ಇದ್ದ ಯುವ ರಕ್ತರೋಗ ತಜ್ಞ ಜ್ಯಾಕ್ ಲೆವಿನ್ ಜೊತೆಗೂಡಿದರು. ಎಂಡೊಟಾಕ್ಸಿನ್ ರಕ್ತದ ಹೆಪ್ಪುಗಟ್ಟುವಿಕೆಯನ್ನು ಹೇಗೆ ಕೆಡಿಸುತ್ತದೆ ಎಂಬುದೇ ಲೆವಿನ್ ಅವರ ಆಸಕ್ತಿಯಾಗಿತ್ತು. ಮನುಷ್ಯರಲ್ಲೂ ಇಂಥ ಒಂದು ಭೀಕರ ಸ್ಥಿತಿ ಇದೆ. ಸೋಂಕು ಮೈಯನ್ನೆಲ್ಲ ಆವರಿಸಿ ಸೆಪ್ಸಿಸ್ ಆದಾಗ, ಕೆಲವೊಮ್ಮೆ ಹೆರಿಗೆಯ ತೊಡಕುಗಳಲ್ಲಿ, ಮೈಯ ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ಒಟ್ಟಿಗೇ ಹೆಪ್ಪು ಕಟ್ಟಲು ಶುರುವಾಗುತ್ತದೆ. ಹೆಪ್ಪು ಕಟ್ಟುವ ಸರಕೆಲ್ಲ ಹೀಗೆ ಖರ್ಚಾದ ಮೇಲೆ ರಕ್ತಸ್ರಾವ ನಿಲ್ಲುವುದೇ ಇಲ್ಲ. ವೈದ್ಯರು ಇದನ್ನು ಡಿಐಸಿ ಎನ್ನುತ್ತಾರೆ. ಐಸಿಯು ಮುಂದೆ ಕಾದವರು ಈ ಮೂರಕ್ಷರವನ್ನು ಕೇಳಿರಬಹುದು. ಮನುಷ್ಯನಲ್ಲಿ ಹತ್ತಾರು ಅಂಶಗಳು ಸೇರಿ ನಡೆಯುವ ಈ ಗೋಜಲನ್ನು ಒಂದೇ ಜಾತಿಯ ಕಣ ಇರುವ ಪ್ರಾಣಿಯಲ್ಲಿ ನೋಡುವುದು ಸುಲಭ.

ಸುಲಭ ಅಂದುಕೊಂಡದ್ದು ಮೊದಲು ಕಷ್ಟವೇ ಆಯಿತು. ಲೆವಿನ್ ತೆಗೆದ ರಕ್ತ ಟ್ಯೂಬಿನಲ್ಲಿ ಕೆಲವೊಮ್ಮೆ ಹೆಪ್ಪಾಗುತ್ತಿತ್ತು, ಕೆಲವೊಮ್ಮೆ ಆಗುತ್ತಿರಲಿಲ್ಲ. ಒಂದೇ ಪ್ರಾಣಿ, ಒಂದೇ ವಿಧಾನ, ಉತ್ತರ ಮಾತ್ರ ಬೇರೆ ಬೇರೆ. ಕೊನೆಗೆ ತಪ್ಪಿತಸ್ಥ ಸಿಕ್ಕಿದ್ದು ಗಾಜಿನ ಟ್ಯೂಬಿನಲ್ಲಿ. ತೊಳೆದು ಇಟ್ಟ ಟ್ಯೂಬುಗಳಲ್ಲೇ ಎಂಡೊಟಾಕ್ಸಿನ್ ಅಂಟಿಕೊಂಡಿತ್ತು. ಅದನ್ನು ಪೂರ್ತಿ ತೆಗೆದ ಗಾಜಿನಲ್ಲಿ ರಕ್ತ ಸುಮ್ನೆ ನೀರಾಗಿಯೇ ಉಳಿಯಿತು. ಒಂದು ಚೂರು ಎಂಡೊಟಾಕ್ಸಿನ್ ಹಾಕಿದರೆ ಮತ್ತೆ ಹೆಪ್ಪು. ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಘಟ್ಟ ಇದೇ. ಕೆಲಸ ಕೆಡಿಸುತ್ತಿದ್ದ ಕೊಳೆಯನ್ನು ಸಿಟ್ಟಿನಿಂದ ತೊಳೆದು ಮುಂದೆ ಹೋಗದೆ, ಆ ಕೊಳೆಯನ್ನೇ ಅಳೆಯುವ ಸಾಧನ ಕೈಯಲ್ಲಿದೆ ಎಂದು ಲೆವಿನ್ ಅರಿತರು. 1964ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಮುಂದೆ ರಕ್ತಕಣಗಳನ್ನು ಬೇರ್ಪಡಿಸಿ, ಒಡೆದು, ಅವುಗಳ ಸಾರ ತೆಗೆದು ಪರೀಕ್ಷೆ ರೂಪಿಸಿದರು. ಏಡಿಯ ವೈಜ್ಞಾನಿಕ ಹೆಸರು ಲಿಮ್ಯುಲಸ್. ಹಾಗಾಗಿ ಪರೀಕ್ಷೆಗೆ ಲಿಮ್ಯುಲಸ್ ಅಮೀಬೊಸೈಟ್ ಲೈಸೇಟ್ (ಲಿಮ್ಯುಲಸ್ ರಕ್ತಕಣದ ಸಾರ), ಚಿಕ್ಕದಾಗಿ ಎಲ್‌ಎಎಲ್ ಎಂದು ಹೆಸರಾಯಿತು.

ಇದು ಕಾರ್ಖಾನೆಗೆ ಬಂದ ದಾರಿಯೂ ಸ್ವಾರಸ್ಯಕರ. ಆಸ್ಪತ್ರೆಗಳಲ್ಲಿ ಸ್ಕ್ಯಾನ್‌ಗೆ ಮುಂಚೆ ಕೊಡುವ ವಿಕಿರಣಶೀಲ ಔಷಧಗಳಿಗೆ ಆಯಸ್ಸು ಕಡಿಮೆ, ಕೆಲವಕ್ಕೆ ಕೆಲವೇ ಗಂಟೆ. ಮೊಲದ ಪರೀಕ್ಷೆ ಮುಗಿಯುವಷ್ಟರಲ್ಲಿ ಔಷಧದ ಕಸುವೇ ಇಳಿದುಹೋಗುತ್ತದೆ. ಹಾಪ್ಕಿನ್ಸ್‌ನಲ್ಲಿದ್ದ ಜೇಮ್ಸ್ ಕೂಪರ್ 1970ರ ಹೊತ್ತಿಗೆ ಲೆವಿನ್ ಜೊತೆ ಸೇರಿ ಅಲ್ಲಿ ಎಲ್‌ಎಎಲ್ ಬಳಸಿ ತೋರಿಸಿದರು. ಒಂದು ಗಂಟೆಯೊಳಗೆ ಉತ್ತರ. ಮೊಲಕ್ಕಿಂತ ಎಷ್ಟೋ ಪಾಲು ಸೂಕ್ಷ್ಮ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಇದಕ್ಕೆ ಲೈಸೆನ್ಸ್ ಕೊಟ್ಟಿತು. ನಿಧಾನವಾಗಿ ಮೊಲಗಳಿಗೆ ಬಿಡುಗಡೆ ಸಿಕ್ಕಿತು. ಇವತ್ತು ಮಗುವಿಗೆ ಹಾಕಿಸುವ ಲಸಿಕೆ, ಅಪ್ಪನಿಗೆ ಚುಚ್ಚುವ ಇನ್ಸುಲಿನ್, ಅಜ್ಜಿಯ ಮಂಡಿಗೆ ಕೂರಿಸಿದ ಕೃತಕ ಕೀಲು, ಡಯಾಲಿಸಿಸ್‌ನ ಟ್ಯೂಬು, ಇವೆಲ್ಲದರ ಹಿಂದೆ ಎಂಡೊಟಾಕ್ಸಿನ್ ಪರೀಕ್ಷೆ ಇರುತ್ತದೆ. ಅಂಥ ಬಹುಪಾಲು ಪರೀಕ್ಷೆಗಳ ಹಿಂದೆ ಒಂದು ಏಡಿ.

ಮೊಲಕ್ಕೆ ಸಿಕ್ಕ ಬಿಡುಗಡೆಯ ಬೆಲೆ ಏಡಿಯ ಮೇಲೆ ಬಿತ್ತು. ಅಮೆರಿಕದ ಪೂರ್ವ ತೀರದಲ್ಲಿ ಹಿಡಿದ ಏಡಿಗಳನ್ನು ಪ್ರಯೋಗಾಲಯಕ್ಕೆ ತಂದು, ಸಾಲಾಗಿ ಸ್ಟೀಲ್ ಪಟ್ಟಿಗೆ ಬಿಗಿದು, ಹೃದಯದ ಹತ್ತಿರ ಸೂಜಿ ಚುಚ್ಚಿ ರಕ್ತ ಇಳಿಸುತ್ತಾರೆ. ಸುಮಾರು ಮೂರನೇ ಒಂದು ಪಾಲು ರಕ್ತ ಹೋಗುತ್ತದೆ. ಆಮೇಲೆ ಕಡಲಿಗೆ ಬಿಡುತ್ತಾರೆ. ಅಲ್ಲಿನ ಮೀನುಗಾರಿಕಾ ಆಯೋಗ ಇವುಗಳಲ್ಲಿ ಶೇ. 15ರಷ್ಟು ಸಾಯುತ್ತವೆ ಎಂದು ಲೆಕ್ಕ ಹಿಡಿಯುತ್ತದೆ. ಕೆಲವು ಅಧ್ಯಯನಗಳಲ್ಲಿ ಈ ಪ್ರಮಾಣ ಶೇ. 30ರವರೆಗೂ ಹೋಗಿದೆ. ಬದುಕುಳಿದವು ಮಂಕಾಗುತ್ತವೆ, ಹೆಣ್ಣುಗಳು ಮೊಟ್ಟೆ ಇಡಲು ದಡಕ್ಕೆ ಬರುವುದು ಕಡಿಮೆಯಾಗುತ್ತದೆ ಎಂದೂ ಕಂಡುಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಹೀಗೆ ಹಿಡಿಯುವ ಏಡಿಗಳ ಸಂಖ್ಯೆ ವರ್ಷಕ್ಕೆ ಏಳು ಲಕ್ಷ ದಾಟಿ ಹತ್ತು ಲಕ್ಷದ ಆಸುಪಾಸಿಗೆ ಬಂದಿದೆ. ಈ ಪ್ರಾಣಿ ದೊಡ್ಡದಾಗಿ ಮೊಟ್ಟೆ ಇಡುವ ವಯಸ್ಸಿಗೆ ಬರಲು ಸುಮಾರು ಹತ್ತು ವರ್ಷ ಬೇಕು. ಕಳೆದುಕೊಂಡದ್ದು ಬೇಗ ತುಂಬುವುದಿಲ್ಲ.

ಎಲ್ಲ ತಪ್ಪನ್ನೂ ಔಷಧ ಉದ್ಯಮದ ಮೇಲೆ ಹಾಕುವುದು ನ್ಯಾಯವಲ್ಲ. ನೂರು ವರ್ಷದ ಹಿಂದೆ ಇದೇ ಏಡಿಗಳನ್ನು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹಿಡಿದು, ಪುಡಿ ಮಾಡಿ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. 1990ರ ದಶಕದಲ್ಲಿ ಬೇರೆ ಮೀನು, ಶಂಖದ ಹುಳು ಹಿಡಿಯಲು ಗಾಳದ ಆಹಾರವಾಗಿ ಕೊಂದರು. ಆಗಲೇ ಹಕ್ಕಿಗಳ ಕಡೆಯಿಂದ ಎಚ್ಚರಿಕೆಯ ಗಂಟೆ ಬಾರಿಸಿತು. ಡೆಲವೇರ್ ಕೊಲ್ಲಿಯಲ್ಲಿ ಮೇ, ಜೂನ್ ತಿಂಗಳ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದಲ್ಲಿ ಏಡಿಗಳು ಸಾವಿರ ಸಾವಿರ ಲೆಕ್ಕದಲ್ಲಿ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ. ಅದೇ ಹೊತ್ತಿಗೆ ದಕ್ಷಿಣ ಅಮೆರಿಕದ ತುತ್ತತುದಿಯಿಂದ ಹೊರಟ ರೆಡ್ ನಾಟ್ ಎಂಬ ಪುಟ್ಟ ಹಕ್ಕಿ ಅಲ್ಲಿ ಇಳಿಯುತ್ತದೆ. ಮುಂದೆ ಕೆನಡಾದ ಹಿಮನಾಡಿಗೆ ಹೋಗಬೇಕು, ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಎರಡು ವಾರ ಈ ಮೊಟ್ಟೆ ತಿಂದು ತೂಕ ಇಮ್ಮಡಿ ಮಾಡಿಕೊಂಡು ಹಾರುತ್ತದೆ. ಏಡಿ ಕಡಿಮೆಯಾದಾಗ ಹಕ್ಕಿಯೂ ಕಡಿಮೆಯಾಯಿತು. 2014ರಲ್ಲಿ ಅಮೆರಿಕ ಈ ಹಕ್ಕಿಯನ್ನು ಅಪಾಯದಲ್ಲಿರುವ ಜೀವಿ ಎಂದು ಘೋಷಿಸಿತು.

ಏಷ್ಯಾದ ಸ್ಥಿತಿ ಇನ್ನೂ ಕಷ್ಟದ್ದು. ಜಗತ್ತಿನಲ್ಲಿ ಉಳಿದಿರುವ ನಾಲ್ಕು ಜಾತಿಯ ಲಾಳದ ಏಡಿಗಳಲ್ಲಿ ಮೂರು ನಮ್ಮ ಖಂಡದವು. ಚೀನಾ, ಜಪಾನ್ ಕಡಲಿನ ಜಾತಿ 2019ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಇನ್ನೆರಡು ಜಾತಿಗಳು ಭಾರತದ ಪೂರ್ವ ತೀರದಲ್ಲೂ ಇವೆ. ಒಂದು ಒಡಿಶಾದ ಬಾಲಸೋರ್ ಕಡೆಯ ಮರಳಿನಲ್ಲಿ, ಇನ್ನೊಂದು ಸುಂದರಬನದ ಕಾಂಡ್ಲಾ ಕಾಡಿನ ಕೆಸರಿನಲ್ಲಿ. ನಮ್ಮ ಕಾರವಾರ, ಮಲ್ಪೆ ಕಡೆ ಇವು ಕಾಣಸಿಗುವುದಿಲ್ಲ. ವನ್ಯಜೀವಿ ರಕ್ಷಣಾ ಕಾಯ್ದೆ ಇವನ್ನು ಕಾಪಾಡುತ್ತದೆ, ಕಾಗದದ ಮೇಲೆ. ಬಾಲಸೋರ್ ತೀರದಲ್ಲಿ ಮೀನಿನ ಬಲೆಗೆ ಸಿಕ್ಕಿ, ಬಿಡಿಸುವ ತಾಳ್ಮೆ ಇಲ್ಲದೆ ದಡಕ್ಕೆ ಎಸೆಯಲ್ಪಟ್ಟು ಒಣಗಿ ಸಾಯುತ್ತವೆ.

ಈಗ ವಂಶವಾಹಿಯ ಕಥೆ. ರಕ್ತ ಹೇಗೆ ಹೆಪ್ಪಾಗುತ್ತದೆ ಎಂಬುದನ್ನು ಹಂತ ಹಂತವಾಗಿ ಬಿಡಿಸಿಟ್ಟವರು ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಸದಾಅಕಿ ಇವಾನಾಗಾ ಮತ್ತು ಅವರ ತಂಡ. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಎಲ್ಲ ಬೀಳುವಂತೆ ಇಲ್ಲೂ ಒಂದರ ಹಿಂದೊಂದು ಪ್ರೋಟೀನ್ ಎಚ್ಚರವಾಗುತ್ತದೆ. ಎಂಡೊಟಾಕ್ಸಿನ್‌ನ ಮೂಸು ಮೊದಲು ಹಿಡಿಯುವ ಪ್ರೋಟೀನ್‌ಗೆ ಫ್ಯಾಕ್ಟರ್ ಸಿ ಎಂದು ಹೆಸರು. ಅಂದಮೇಲೆ ಇಡೀ ರಕ್ತ ಯಾಕೆ? ಫ್ಯಾಕ್ಟರ್ ಸಿ ಒಂದಿದ್ದರೆ ಸಾಕಲ್ಲ?

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರು ಸಿಂಗಪುರದ ಡಿಂಗ್ ಜೀಕ್ ಲಿಂಗ್ ಮತ್ತು ಅವರ ಪತಿ ಬೊ ಹೊ. 1980ರ ದಶಕದಲ್ಲಿ ಅವರ ವಿಶ್ವವಿದ್ಯಾಲಯದ ಆಸ್ಪತ್ರೆಯ ಪ್ರಣಾಳ ಶಿಶು ವಿಭಾಗದಲ್ಲಿ ಭ್ರೂಣಗಳು ಉಳಿಯುತ್ತಿರಲಿಲ್ಲ. ಎಂಡೊಟಾಕ್ಸಿನ್ ಇರಬಹುದು ಎಂಬ ಅನುಮಾನ ಬಂತು, ಆದರೆ ಪರೀಕ್ಷೆಯ ಕಿಟ್ ಬಲು ದುಬಾರಿ. ಡಿಂಗ್ ಕ್ರಾಂಜಿಯ ಕೆಸರಿನ ಅಳಿವೆಗೆ ಹೋಗಿ ಏಡಿ ಹಿಡಿದು ತಂದರು. ರಕ್ತ ತೆಗೆದು ಮತ್ತೆ ಬಿಟ್ಟು ಬರುತ್ತಿದ್ದರು. ಹೀಗೆ ಎಷ್ಟು ದಿನ ಎಂಬ ಯೋಚನೆ ಅಲ್ಲೇ ಹುಟ್ಟಿತು. ಫ್ಯಾಕ್ಟರ್ ಸಿಯ ವಂಶವಾಹಿಯನ್ನು ಬೇರ್ಪಡಿಸಿ, ಅದನ್ನು ಬೇರೆ ಜೀವಕಣಕ್ಕೆ ಸೇರಿಸಿದರೆ ಆ ಕಣವೇ ಪ್ರೋಟೀನ್ ತಯಾರಿಸಬೇಕು. ಇ. ಕೋಲಿ ಈ ಕೆಲಸಕ್ಕೆ ಬರುವುದಿಲ್ಲ, ಅದರ ಮೈತುಂಬ ಎಂಡೊಟಾಕ್ಸಿನ್. ಯೀಸ್ಟ್ ಪ್ರೋಟೀನ್ ಮಾಡಿಕೊಟ್ಟಿತು, ಆದರೆ ಅದು ಕೆಲಸ ಮಾಡಲಿಲ್ಲ. ಕೊನೆಗೆ ಕೈಹಿಡಿದದ್ದು ಕೀಟದ ಜೀವಕಣ. ಕೀಟವೂ ಲಾಳದ ಏಡಿಯೂ ದೂರದ ಬಳಗ, ಹಾಗಾಗಿ ಹೊಂದಿಕೆಯಾಯಿತೆಂದು ಕಾಣುತ್ತದೆ. 2003ರ ಹೊತ್ತಿಗೆ ಇದರ ಕಿಟ್ ಮಾರುಕಟ್ಟೆಗೂ ಬಂತು. ಏಡಿಯ ರಕ್ತದಲ್ಲಿ ಇರುವ ಇನ್ನೊಂದು ಪ್ರೋಟೀನ್ ಶಿಲೀಂಧ್ರದ ವಸ್ತುಗಳಿಗೂ ಎಚ್ಚರವಾಗಿ ಸುಳ್ಳು ಸೂಚನೆ ಕೊಡುವುದುಂಟು. ಹೊಸ ಕಿಟ್‌ನಲ್ಲಿ ಆ ಗೊಂದಲವೂ ಇಲ್ಲ.

ಹಾಗಿದ್ದರೆ ಅವತ್ತೇ ಎಲ್ಲರೂ ಬದಲಾಯಿಸಬೇಕಿತ್ತಲ್ಲ? ಬದಲಾಯಿಸಲಿಲ್ಲ. ಮೊದಮೊದಲು ಪೇಟೆಂಟ್ ಕಾರಣಕ್ಕೆ ಮಾರುವವರು ಒಬ್ಬರೇ. ಒಂದೇ ಅಂಗಡಿಯನ್ನು ನಂಬಿ ಕಾರ್ಖಾನೆ ನಡೆಸಲು ಯಾರಿಗೂ ಧೈರ್ಯ ಸಾಲದು. ಆಮೇಲೆ ನಿಯಮದ ತೊಡಕು. ಔಷಧ ಸಂಹಿತೆಯಲ್ಲಿ ಎಲ್‌ಎಎಲ್ ಎಂದು ಬರೆದಿರುವಾಗ ಬೇರೆ ವಿಧಾನ ಬಳಸುವವರು ಪ್ರತಿ ಔಷಧಕ್ಕೂ ಎರಡನ್ನೂ ಹೋಲಿಸಿ, ಪುಟಗಟ್ಟಲೆ ದಾಖಲೆ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ನಡೆಯುತ್ತಿರುವುದನ್ನು ಬಿಟ್ಟು ಆ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವವರು ಕಡಿಮೆ. ಮೂರನೆಯದು ವೈಜ್ಞಾನಿಕ ಆಕ್ಷೇಪ: ರಕ್ತದ ಸಾರದಲ್ಲಿ ಪೂರ್ತಿ ಸರಪಳಿ ಇದೆ, ಹೊಸದರಲ್ಲಿ ಮೊದಲ ಕೊಂಡಿ ಮಾತ್ರ. ನೀರಿನಲ್ಲಿ ಸಹಜವಾಗಿ ಸಿಗುವ ಬಗೆಬಗೆಯ ಎಂಡೊಟಾಕ್ಸಿನ್‌ಗಳನ್ನು ಅದು ಬಿಟ್ಟುಬಿಟ್ಟರೆ?

ಈ ಕೊನೆಯ ಪ್ರಶ್ನೆ ಕೇಳಲೇಬೇಕಾದದ್ದು. ರೋಗಿಯ ಜೀವದ ವಿಷಯದಲ್ಲಿ ಅನುಮಾನ ಇಟ್ಟುಕೊಂಡು ಮುಂದೆ ಹೋಗುವಂತಿಲ್ಲ. ಆದರೆ ವರ್ಷಗಳ ಹೋಲಿಕೆಯಲ್ಲಿ ಹೊಸ ವಿಧಾನ ಹಳೆಯದಕ್ಕೆ ಸರಿಸಮ ಎಂದು ಮತ್ತೆ ಮತ್ತೆ ಕಂಡಿದೆ. ಸರಪಳಿಯ ಮೂರು ಕೊಂಡಿಗಳನ್ನೂ ವಂಶವಾಹಿಯಿಂದಲೇ ಮಾಡಿದ ಕಿಟ್‌ಗಳೂ ಈಗ ಇವೆ. ಉತ್ತರ ಸಿಕ್ಕ ಮೇಲೂ ಅದೇ ಪ್ರಶ್ನೆಯನ್ನು ಎಸೆಯುತ್ತಾ ಕೂತರೆ ಅದನ್ನು ಎಚ್ಚರಿಕೆ ಎನ್ನಲು ನನಗೆ ಮನಸ್ಸಿಲ್ಲ.

ಇನ್ಸುಲಿನ್ ಕಥೆಯನ್ನು ನೆನಪಿಸಿಕೊಳ್ಳಿ. ಒಂದು ಕಾಲಕ್ಕೆ ಅದನ್ನು ಹಂದಿ, ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದರು. 1982ರಲ್ಲಿ ವಂಶವಾಹಿ ತಂತ್ರದಿಂದ ಮಾಡಿದ ಮನುಷ್ಯರ ಇನ್ಸುಲಿನ್ ಬಂತು, ಇಲೈ ಲಿಲ್ಲಿ ಕಂಪನಿಯಿಂದ. ಮುಂದೆ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸಿತು. ಇವತ್ತು ಹಂದಿಯ ಇನ್ಸುಲಿನ್ನೇ ಬೇಕು ಎನ್ನುವವರು ಬಲು ಕಡಿಮೆ. ಏಡಿ ಇಲ್ಲದ ಪರೀಕ್ಷೆಗೆ ಮೊದಲು ಮುಂದಾದ ದೊಡ್ಡ ಕಂಪನಿಯೂ ಅದೇ ಲಿಲ್ಲಿ. 2018ರಲ್ಲಿ ಅದರ ಮೈಗ್ರೇನ್ ಇಂಜೆಕ್ಷನ್ ಈ ವಿಧಾನದ ಪರೀಕ್ಷೆಯೊಂದಿಗೇ ಎಫ್‌ಡಿಎ ಒಪ್ಪಿಗೆ ಪಡೆಯಿತು. 2021ರಲ್ಲಿ ಯುರೋಪಿನ ಔಷಧ ಸಂಹಿತೆ ಇದನ್ನು ಸೇರಿಸಿಕೊಂಡಿತು. ಅಮೆರಿಕದ ಸಂಹಿತೆ 2020ರಲ್ಲಿ ಹಿಂದೇಟು ಹಾಕಿತ್ತು. 2024ರ ಜುಲೈನಲ್ಲಿ ಅದರ ತಜ್ಞರ ಸಮಿತಿ ಕೊನೆಗೂ ಹೊಸ ಅಧ್ಯಾಯಕ್ಕೆ ಒಪ್ಪಿತು, 2025ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಆ ಹಳೆಯ ಡಬಲ್ ಕೆಲಸದ ಹೊರೆ ಇದರಿಂದ ಬಹಳ ಇಳಿದಿದೆ. ನೆಪಗಳಲ್ಲಿ ದೊಡ್ಡದೊಂದು ಹೋಯಿತು ಎಂದೇ ನಾನು ಓದಿಕೊಳ್ಳುತ್ತೇನೆ.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. ಜಗತ್ತಿನ ಲಸಿಕೆಗಳಲ್ಲಿ, ಅಗ್ಗದ ಇಂಜೆಕ್ಷನ್‌ಗಳಲ್ಲಿ ದೊಡ್ಡ ಪಾಲು ನಮ್ಮಲ್ಲಿ ತಯಾರಾಗುತ್ತದೆ. ಪುಣೆ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆಗಳು ನಿರ್ಧಾರ ಮಾಡಿದರೆ ಅದರ ಪರಿಣಾಮ ಡೆಲವೇರ್ ಕೊಲ್ಲಿಯವರೆಗೂ ಮುಟ್ಟುತ್ತದೆ. ಹೊಸ ಔಷಧಗಳನ್ನಾದರೂ ಮೊದಲ ದಿನದಿಂದ ಹೊಸ ವಿಧಾನದಲ್ಲೇ ಪರೀಕ್ಷಿಸಬಹುದು. ಹಳೆಯ ಔಷಧಗಳಲ್ಲಿ ಮೊದಲು ಕಾರ್ಖಾನೆಯ ನೀರಿನ ಪರೀಕ್ಷೆಯನ್ನು ಬದಲಾಯಿಸಿದರೂ ಸಾಕು. ಇಂಜೆಕ್ಷನ್‌ಗೆ ಬಳಸುವ ನೀರನ್ನು ದಿನವೂ ಪರೀಕ್ಷಿಸಬೇಕು, ಹಾಗಾಗಿ ಕಿಟ್ ಅಲ್ಲೇ ಜಾಸ್ತಿ ಖರ್ಚಾಗುವುದು.

ಇಷ್ಟು ಹೇಳಿದ ಮೇಲೆ ಬಳ್ಳಾರಿಗೆ ಮರಳಲೇಬೇಕು. ರಕ್ತದ ಸಾರ ಬಳಸಿದರೂ, ವಂಶವಾಹಿಯಿಂದ ಮಾಡಿದ ಫ್ಯಾಕ್ಟರ್ ಸಿ ಬಳಸಿದರೂ, ಪರೀಕ್ಷೆ ಮಾಡಿದರೆ ಮಾತ್ರ ಉಪಯೋಗ. ಸರ್ಕಾರಿ ಆಸ್ಪತ್ರೆಗೆ ಕಡಿಮೆ ದರಕ್ಕೆ ಟೆಂಡರ್ ಹಿಡಿದು ಬರುವ ದ್ರಾವಣದ ಪ್ರತಿ ಬ್ಯಾಚ್ ದಾಸ್ತಾನಿಗೆ ಸೇರುವ ಮುಂಚೆಯೇ ಈ ಪರೀಕ್ಷೆ ಆಗಿದೆಯೇ, ಅದರ ಫಲಿತಾಂಶ ಯಾರು ಬೇಕಾದರೂ ನೋಡುವಂತಿದೆಯೇ? ಎರಡು ಸರ್ಕಾರಿ ಪ್ರಯೋಗಾಲಯಗಳು ಬೇರೆ ಬೇರೆ ಉತ್ತರ ಕೊಟ್ಟಾಗ ಮೂರನೆಯವರು ಯಾರು? ಹೊಸ ವಿಧಾನಕ್ಕೆ ಕಡಲ ಪ್ರಾಣಿ ಬೇಡ, ಬ್ಯಾಚಿನಿಂದ ಬ್ಯಾಚಿಗೆ ಅದರ ಗುಣ ಅಷ್ಟಾಗಿ ಬದಲಾಗುವುದಿಲ್ಲ. ಜಿಲ್ಲಾ ಮಟ್ಟದ ಔಷಧ ಪ್ರಯೋಗಾಲಯಗಳಿಗೆ ಇದನ್ನು ಕೊಡಿಸಬಹುದು. ಕಳೆದುಹೋದ ಆ ಐದು ತಾಯಂದಿರ ಮನೆಯವರಿಗೆ ನಾವು ಕೊಡಬೇಕಾದ ಉತ್ತರದಲ್ಲಿ ಇದೂ ಒಂದು.

ಏಡಿಗಳ ವಿಷಯದಲ್ಲಿ ಓದುಗರೇ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಡೆಲವೇರ್ ಕೊಲ್ಲಿಯ ಒಂದು ದಡ ನ್ಯೂಜೆರ್ಸಿಯದು, ಅಲ್ಲಿ ಕನ್ನಡಿಗರ ಮನೆಗಳು ಬೇಕಾದಷ್ಟಿವೆ. ಮೇ, ಜೂನ್ ರಾತ್ರಿಗಳಲ್ಲಿ ಅಲೆಯ ಹೊಡೆತಕ್ಕೆ ಮಗುಚಿ ಬಿದ್ದ ಏಡಿಗಳನ್ನು ನೆಟ್ಟಗೆ ಮಾಡಿ ನೀರಿಗೆ ಬಿಡುವ ಸ್ವಯಂಸೇವಕರ ತಂಡಗಳು ಅಲ್ಲಿವೆ. ಹಕ್ಕಿಗಳಿಗಾಗಿ ಕೆಲವು ದಡಗಳನ್ನು ಆ ದಿನಗಳಲ್ಲಿ ಮುಚ್ಚುವುದರಿಂದ ಇಂಥ ತಂಡದ ಜೊತೆಗೇ ಹೋಗಬೇಕು. ಒಡಿಶಾದ ಚಾಂದಿಪುರಕ್ಕೆ ಪ್ರವಾಸ ಹೋದವರಿಗೂ ಮಗುಚಿದ ಏಡಿ ಕಾಣಬಹುದು. ಬಾಲ ಹಿಡಿದು ಎತ್ತಬೇಡಿ, ಬುಡ ಕಿತ್ತುಬರುತ್ತದೆ. ಚಿಪ್ಪಿನ ಎರಡೂ ಬದಿ ಹಿಡಿದು ಮೆಲ್ಲಗೆ ತಿರುಗಿಸಿ. ನೀರಿನ ದಾರಿ ಅದಕ್ಕೆ ಗೊತ್ತಿದೆ.